ಎಂಟು–ನಲವತ್ತಮೂರು

ಕಾಮಾಕ್ಷಿಪಾಳ್ಯದಲ್ಲೋ ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲೋ ಹಳೇ ಗಾಡಿಯ ಆಕ್ಸಲ್ ಕೆಲಸ ಬಲ್ಲ ಮೇಸ್ತ್ರಿಯೊಬ್ಬರ ಹತ್ತಿರ ಹೋಗಿ, ಕ್ರೌನ್–ಪಿನಿಯನ್ ಹೋಗಿದೆ ಅಂತ ಹೇಳಿ ನೋಡಿ. ಗಾಡಿ ಯಾವ ವರ್ಷದ್ದು ಅಂತ ಅವರು ಮೊದಲು ಕೇಳುವುದಿಲ್ಲ. “ಹಲ್ಲೆಷ್ಟು ಸಾರ್?” ಅಂತಾರೆ. ಉತ್ತರ ಎರಡು ಅಂಕಿಯಲ್ಲಿ ಬರಬೇಕು: ಎಂಟು–ನಲವತ್ತಮೂರು, ಎಂಟು–ಮೂವತ್ತೊಂಬತ್ತು, ಒಂಬತ್ತು–ನಲವತ್ತೊಂದು. ಮೊದಲನೆಯದು ಪಿನಿಯನ್ನಿನ ಹಲ್ಲು, ಎರಡನೆಯದು ಕ್ರೌನಿನದು. ಈ ಎರಡು ಅಂಕಿ ಗೊತ್ತಾದರೆ ಆ ಗಾಡಿಯನ್ನು ಯಾವ ರಸ್ತೆಗೆ, ಯಾವ ಹೊರೆಗೆ ಮಾಡಿದ್ದರು ಎಂಬುದು ಅರ್ಧ ಗೊತ್ತಾದ ಹಾಗೆ.

ಇಂಜಿನ್ನಿನ ಸುತ್ತು ಪ್ರೊಪೆಲರ್ ಶಾಫ್ಟಿನಲ್ಲಿ ಉದ್ದಕ್ಕೆ ಹಿಂದಕ್ಕೆ ಬರುತ್ತದೆ. ಗಾಲಿ ಅಡ್ಡಕ್ಕೆ ಕೂತಿದೆ. ಆ ತಿರುವಿನಲ್ಲಿ ಕೂತ ಚಿಕ್ಕ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ದಿಕ್ಕು ಬದಲಾಗುತ್ತದೆ, ವೇಗ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. 43ನ್ನು 8ರಿಂದ ಭಾಗಿಸಿದರೆ 5.375. ಶಾಫ್ಟು ಐದೂಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಗಾಲಿಗೆ ಒಂದು ಸುತ್ತು. 39ನ್ನು 8ರಿಂದ ಭಾಗಿಸಿದರೆ 4.875. ರೇಶಿಯೋ ಎನ್ನುವ ಈ ಅಂಕಿ ದೊಡ್ಡದಾದಷ್ಟೂ ಗಾಡಿ ಎಳೆಯುತ್ತದೆ, ಚಿಕ್ಕದಾದಷ್ಟೂ ಓಡುತ್ತದೆ. ಕ್ರೌನಿನ ಒಳಗಿರುವ ಸ್ಟಾರ್ ಮತ್ತು ಸನ್ ಗೇರುಗಳ ಕೆಲಸ ಬೇರೆ: ತಿರುವಿನಲ್ಲಿ ಹೊರಗಾಲಿ ಹೆಚ್ಚು, ಒಳಗಾಲಿ ಕಡಿಮೆ ಸುತ್ತಲು ಬಿಡುವುದು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಬಂಡಿಗೆಂದು ಯೋಚಿಸಿದ್ದ ಡಿಫರೆನ್ಷಿಯಲ್ ಎಂಬ ಆ ಉಪಾಯ ಇವತ್ತಿಗೂ ಹಾಗೇ ಇದೆ.

ನಾನು ಗೇರ್ ಕಡಿಯುವ ಕೆಲಸದಲ್ಲಿ ಬೆಳೆದವನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತರಬೇತಿ, ಅಲ್ಲೇ ಒಂದು ಶೆಡ್ಡಿನಲ್ಲಿ ನೌಕರಿ, ಆಮೇಲೆ ಕಾಮಾಕ್ಷಿಪಾಳ್ಯದಲ್ಲಿ ಸ್ವಂತದ್ದು; ಮನೆ ಬಸವೇಶ್ವರನಗರ. ಈಗ ಮಿಷಿನ್ ನಿಲ್ಲಿಸಿದ್ದೇನೆ. ಆದರೂ ಭಾನುವಾರಗಳಲ್ಲಿ ಹಳೇ ಜೀಪು, ಅಂಬಾಸಿಡರ್ ಇಟ್ಟುಕೊಂಡ ಹುಡುಗರು ಬರುತ್ತಾರೆ. “ಅಂಕಲ್, ಯಾವ ರೇಶಿಯೋ ಹಾಕಿಸಲಿ?” ಎನ್ನುವುದು ಅವರೆಲ್ಲರ ಪ್ರಶ್ನೆ. ಆ ಪ್ರಶ್ನೆಗೆ ನಮ್ಮ ಈ ಪಶ್ಚಿಮ ಬೆಂಗಳೂರಿನಲ್ಲಿ ಒಂದು ಇತಿಹಾಸ ಇದೆ. ಅದನ್ನು ತಿಳಿಯದೆ ಉತ್ತರ ಹೇಳುವುದು ಸರಿಯಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಗ್ರಾಹಕನಿಗೇ ಬಿಟ್ಟದ್ದಾಗಿತ್ತು. 1964ರಲ್ಲಿ ಪಾಂಟಿಯಾಕ್ ಜಿಟಿಓ ಬಂದು ಮಸಲ್ ಕಾರುಗಳ ಕಾಲ ಶುರುವಾದಾಗ ಷೋರೂಮಿನ ಆರ್ಡರ್ ಫಾರಮ್ಮಿನಲ್ಲೇ ಆಕ್ಸಲ್ ರೇಶಿಯೋಗೆ ಗುರುತು ಹಾಕಬಹುದಿತ್ತು. ಹೆದ್ದಾರಿಗೆ ಮೂರರ ಆಸುಪಾಸು, ಕಾಲು ಮೈಲಿ ಪಂದ್ಯಕ್ಕೆ ನಾಲ್ಕರ ಮೇಲೆ. ಆ ಕಾರುಗಳಿಗೆ ಇಂದಿಗೂ ಅಲ್ಲಿ ಬೇಕಾದ ಹಲ್ಲಿನ ಹೊಸ ಜೋಡಿ ಸಿಗುತ್ತದೆ. ಆರಿಸುವುದೇ ಕಷ್ಟ ಎನ್ನುವಷ್ಟು. ನಮಗೆ ಆ ಕಾಲ ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದೆ ಬರಿದೇ ಜೋಡಿಸುವ ಕಂಪನಿಗಳು ಹೊರಡಬೇಕೆಂದು 1953ರಲ್ಲಿ ಸರ್ಕಾರದ ನೀತಿ ಬಂತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟು ಕಟ್ಟಿದವು. ಅಲ್ಲಿಂದ ಮುಂದೆ ಬಂದ ದೊಡ್ಡ ಅಮೆರಿಕನ್ ಕಾರುಗಳೆಂದರೆ ರಾಯಭಾರ ಕಚೇರಿಗಳಿಂದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಹರಾಜಿಗೆ ಬಂದ ಇಂಪಾಲದಂಥವು ಅಷ್ಟೆ. ಹಾಗಾಗಿ ನಮ್ಮಲ್ಲಿ ಡಿಫರೆನ್ಷಿಯಲ್ ಆರಿಸುವ ವಿದ್ಯೆ ಬೆಳೆದದ್ದು ಪಂದ್ಯದ ಕಣದಲ್ಲಲ್ಲ; ಘಟ್ಟದಲ್ಲಿ, ಗಣಿಯಲ್ಲಿ, ಕಾಫಿ ತೋಟದಲ್ಲಿ, ಆರು ಜನ ಕೂರುವ ಕಡೆ ಹನ್ನೆರಡು ಜನ ಕೂತ ಟ್ಯಾಕ್ಸಿಯಲ್ಲಿ.

ಬೆಂಗಳೂರಿನಲ್ಲೇ ಕಾರು ತಯಾರಾಗಬೇಕಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು, ಭಾರತದ ಮೋಟಾರು ಕಾರ್ಖಾನೆಗೆ ಯೋಜನೆ ಬರೆದರು. ಅವರ ವಯಸ್ಸು ಆಗ ಎಪ್ಪತ್ತು ದಾಟಿತ್ತು. ವಾಲ್‌ಚಂದ್ ಹೀರಾಚಂದ್ ಕ್ರೈಸ್ಲರ್ ಜೊತೆ ಒಪ್ಪಂದಕ್ಕೆ ಮುಂದಾದರು, ಮೈಸೂರು ಸಂಸ್ಥಾನ ಒಲವು ತೋರಿಸಿತು, ಯುದ್ಧಕಾಲದ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದ್ ತಂದದ್ದು ವಿಮಾನ ಕಾರ್ಖಾನೆ. ಕಾರು ಮುಂಬೈಗೆ ಹೋಯಿತು, ಪ್ರೀಮಿಯರ್ ಆಟೊಮೊಬೈಲ್ಸ್ ಆಯಿತು, ಅಲ್ಲಿ ಡಾಡ್ಜ್, ಪ್ಲಿಮತ್ ಜೋಡಣೆಯಾದವು. ಕಾರ್ಖಾನೆ ತಪ್ಪಿದರೂ ನಮಗೆ ಇನ್ನೊಂದು ದಕ್ಕಿತು: ಲೋಹವನ್ನು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಕಡಿಯುವ ಕೈಗಳು. ಎಚ್.ಎ.ಎಲ್., ಆಮೇಲೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದ ಎಚ್.ಎಂ.ಟಿ. ಆ ಓರ್ಲಿಕಾನ್ ಎಂಬ ಹೆಸರು ಗೇರಿನವರಿಗೆ ಬೇರೆ ರೀತಿಯಲ್ಲೂ ಪರಿಚಯ: ಓರೆಹಲ್ಲಿನ ಬೆವೆಲ್ ಗೇರ್ ಕಡಿಯಲು ಜಗತ್ತಿನಲ್ಲಿ ಹೆಸರಾದ ಪದ್ಧತಿಗಳಲ್ಲಿ ಒಂದು ಅಮೆರಿಕದ ಗ್ಲೀಸನ್ನರದು, ಇನ್ನೊಂದು ಇವರದು.

ಪಶ್ಚಿಮ ಬೆಂಗಳೂರಿಗೆ ಈ ಕೈಗಳು ಬಂದದ್ದು ರಾಜಾಜಿನಗರದ ಮೂಲಕ. ಮೊದಲ ಭಾರತೀಯ ಗವರ್ನರ್ ಜನರಲ್ಲರ ಹೆಸರು ಹೊತ್ತ ಈ ಬಡಾವಣೆಯಲ್ಲಿ ಮನೆಗಳ ಜೊತೆಗೇ ಕೈಗಾರಿಕೆಗೆ ಜಾಗ ಬಿಟ್ಟರು. ಇವತ್ತಿಗೂ ಬಸ್ಸಿನವರು ‘ಇಂಡಸ್ಟ್ರಿಯಲ್ ಟೌನ್’ ಎಂದು ಕೂಗುತ್ತಾರೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಲ್ಲಿ ಹುಟ್ಟಿತು, ಈಗ ಅದರ ಕಚೇರಿ ವಿಜಯನಗರದಲ್ಲಿದೆ. 1960ರಲ್ಲಿ ಸಣ್ಣ ಕೈಗಾರಿಕೆಗಳ ನಿಗಮ ಬಂತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಶುರುವಾಯಿತು, ಎಸ್ಟೇಟಿನ ಒಳಗೇ. ದೊಡ್ಡ ಕಾರ್ಖಾನೆಯಲ್ಲಿ ಕಲಿತು ಹೊರಬಂದವರು ಒಂದು ಲೇತು, ಒಂದು ಮಿಲ್ಲಿಂಗ್ ಮಿಷಿನ್ ಹಾಕಿಕೊಂಡು ಕೂತರು. ಬಾಡಿಗೆ ಏರಿದಂತೆ ಎಸ್ಟೇಟಿನಿಂದ ಕಾಮಾಕ್ಷಿಪಾಳ್ಯಕ್ಕೆ, ಅಲ್ಲಿಂದ ಸುಂಕದಕಟ್ಟೆಗೆ, ಮತ್ತೆ ಕೆಲವರು ಪೀಣ್ಯಕ್ಕೆ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಕ್ರೌನ್–ಪಿನಿಯನ್ ಅನ್ನು ನಮ್ಮ ಸಣ್ಣ ಶೆಡ್ಡುಗಳು ಕಡಿಯುತ್ತಿರಲಿಲ್ಲ. ಅದರ ಹಲ್ಲು ನೇರವಲ್ಲ, ಬಾಗಿ ಸುತ್ತಿಕೊಂಡಿರುತ್ತದೆ. ಅದಕ್ಕೆ ಬೇರೆಯೇ ಮಿಷಿನ್ ಬೇಕು, ಅದರ ಬೆಲೆಗೆ ನಮ್ಮಂಥ ಹತ್ತು ಶೆಡ್ಡು ಬರುತ್ತಿದ್ದವು. ಹೊಸ ಜೋಡಿ ಬರುತ್ತಿದ್ದದ್ದು ಮುಂಬ್ರಾದ ಭಾರತ್ ಗೇರ್ಸ್, ದೇವಾಸದ ಗಜ್ರಾ, ಇಂಥ ದೊಡ್ಡವರಿಂದ. ಲಾರಿ ಆಕ್ಸಲ್ಲಿಗೆ 1981ರಿಂದ ನಮ್ಮ ಮೈಸೂರಿನಲ್ಲೇ ಆಟೊಮೋಟಿವ್ ಆಕ್ಸಲ್ಸ್ ಇದೆ. ನಮ್ಮ ಪಾಲಿನದು ಸುತ್ತಲಿನ ಕೆಲಸ. ಮುರಿದ ಆಕ್ಸಲ್ ಶಾಫ್ಟನ್ನು ಇ.ಎನ್. 24 ಉಕ್ಕಿನಲ್ಲಿ ಹೊಸದಾಗಿ ಮಾಡುವುದು, ಸ್ಪ್ಲೈನ್ ಹಾಕುವುದು, ಬೇರಿಂಗ್ ಕೂರುವ ಜಾಗ ಸವೆದಿದ್ದರೆ ತುಂಬಿ ಮತ್ತೆ ಕಡೆಯುವುದು, ನೇರಹಲ್ಲಿನ ಸ್ಟಾರ್ ಗೇರ್ ಮಾಡುವುದು, ಸಿಗದ ದಪ್ಪದ ಶಿಮ್ ಬಿಲ್ಲೆಯನ್ನು ಗ್ರೈಂಡ್ ಮಾಡಿ ಕೊಡುವುದು. ಗೇರು ಮಾಡುವಾಗ ಹದ ತಪ್ಪಬಾರದು. ಗೇರಿನ ಉಕ್ಕು ಇ.ಎನ್. 353ರಂಥದ್ದು: ಮೇಲೆ ಸುಮಾರು ಒಂದು ಮಿಲಿಮೀಟರು ಮಾತ್ರ ಗಟ್ಟಿ, ಒಳಗೆ ಪೆಟ್ಟು ತಡೆಯುವಷ್ಟು ಮೆದು. ಅದನ್ನು ಪೂರ್ತಿ ಗಟ್ಟಿ ಮಾಡಿದರೆ ಮೊದಲ ಗುಂಡಿಯಲ್ಲೇ ಹಲ್ಲು ಉದುರುತ್ತದೆ.

ಹೊಸ ಜೋಡಿ ಸಿಗದ ಗಾಡಿಗಳದ್ದೇ ದೊಡ್ಡ ಪಾಡು. ಅದಕ್ಕೆ ದಾರಿ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಕುಂಬಾರಗುಂಡಿ. ಟೌನ್ ಹಾಲಿನ ಹಿಂದಿನ ಆ ಓಣಿಗಳಲ್ಲಿ ಗಾಡಿಗಳನ್ನು ಬಿಚ್ಚಿ ರಾಶಿ ಹಾಕಿರುತ್ತಿದ್ದರು. ಕ್ರೌನುಗಳು ಒಂದು ಕಡೆ, ಪಿನಿಯನ್ನುಗಳು ಇನ್ನೊಂದು ಕಡೆ. ಮಾರುವವನಿಗೆ ಅದು ತೂಕದ ಕಬ್ಬಿಣ. ಕೊಳ್ಳುವವನ ವಿದ್ಯೆ ಇರುವುದು ಇಲ್ಲೇ. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಪುಡಿ ಹಚ್ಚಿ ಒಂದರೊಂದಿಗೆ ಒಂದನ್ನು ಓಡಿಸಿ ಉಜ್ಜಿರುತ್ತಾರೆ. ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಹಲ್ಲಿನ ಲೆಕ್ಕ ಸರಿಯಿದ್ದು ನಂಬರು ಬೇರೆ ಇದ್ದರೆ ಅದು ಓಡುತ್ತದೆ, ಆದರೆ ಕೊನೆಯವರೆಗೂ ಅಳುತ್ತದೆ. ಗುಜರಿಯ ರಾಶಿಯಲ್ಲಿ ಮೊಣಕಾಲೂರಿ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಒರೆಸಿ ಆ ಕೊರೆದ ನಂಬರು ಹುಡುಕುವುದು ನಮಗೆ ಅರ್ಧ ದಿನದ ಕೆಲಸ.

ಹಲ್ಲಿನ ಲೆಕ್ಕದಲ್ಲಿ ಒಂದು ಜಾಣತನ ಅಡಗಿದೆ, ಅದನ್ನು ನೋಡಿದಾಗೆಲ್ಲ ಅದನ್ನು ಯೋಚಿಸಿದವರಿಗೆ ಕೈಮುಗಿಯಬೇಕು ಅನಿಸುತ್ತದೆ. 8/43, 8/39, 9/41, 9/38, 10/43: ಯಾವ ಜೋಡಿಯಲ್ಲೂ ಎರಡು ಅಂಕಿಯನ್ನೂ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರೆ ಇಲ್ಲ. ಬೇಕೆಂದೇ ಹಾಗೆ ಆರಿಸಿದ್ದಾರೆ. 8/40 ಇಟ್ಟಿದ್ದರೆ ಪಿನಿಯನ್ನಿನ ಒಂದು ಹಲ್ಲು ಜೀವಮಾನವಿಡೀ ಕ್ರೌನಿನ ಅದೇ ಐದು ಹಲ್ಲನ್ನು ಮುಟ್ಟುತ್ತಿತ್ತು. ಒಂದರಲ್ಲಿ ಸಣ್ಣ ಏಟಿದ್ದರೆ ಆ ಐದನ್ನೂ ತಿನ್ನುತ್ತಿತ್ತು. 8/43 ಆದಾಗ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ನಲವತ್ತಮೂರನ್ನೂ ಸರದಿಯಲ್ಲಿ ಭೇಟಿಯಾಗಿಯೇ ಮತ್ತೆ ಮೊದಲಿನದಕ್ಕೆ ಬರುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಈಗ ಜೀಪಿನ ಕತೆ. ನಮ್ಮ ಕಡೆ ಅತಿ ಹೆಚ್ಚು ಡಿಫರೆನ್ಷಿಯಲ್ ಬಿಚ್ಚಿಸಿದ ಗಾಡಿ ಅದೇ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳಲ್ಲಿ ಇದ್ದದ್ದು 8/39. ಸೈನಿಕರಿಗೆ ಓಟವೂ ಬೇಕಿತ್ತು. ಯುದ್ಧ ಮುಗಿದ ಮೇಲೆ 1945ರಲ್ಲಿ ವಿಲ್ಲಿಸ್ ಕಂಪನಿ ಅದೇ ಜೀಪನ್ನು ಸಿಜೆ–2ಎ ಎಂದು ರೈತನಿಗೆ ಮಾರಲು ಹೊರಟಿತು: ನೇಗಿಲು ಎಳೆಯಲಿ, ಪಂಪು ಓಡಿಸಲಿ, ಸಂತೆಗೂ ಹೋಗಲಿ. ಎಳೆಯಲು ಬಲ ಬೇಕಾಯಿತು. 8/39 ಹೋಗಿ 8/43 ಬಂತು. ಮಹೀಂದ್ರದವರು ಮುಂಬೈಯಲ್ಲಿ ಜೋಡಿಸಿ, ಆಮೇಲೆ ಇಲ್ಲೇ ತಯಾರಿಸಿದ ಸಿಜೆ–3ಬಿ, ಎತ್ತರದ ಬಾನೆಟ್ಟಿನ ಆ ಜೀಪು, ಈ ರೈತರ ಲೆಕ್ಕವನ್ನೇ ಹೊತ್ತು ಬಂತು. ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಕೆಸರಿನ ಏರಿನಲ್ಲಿ ಕಾಫಿ ಮೂಟೆ ಹೊತ್ತ ಗಾಡಿಗೆ ಗಂಟೆಗೆ ಎಂಬತ್ತು ಕಿಲೋಮೀಟರ್ ಯಾಕೆ ಬೇಕು?

ಯುದ್ಧದ ಮಿಗತೆಯಾಗಿ ಹರಾಜಾದ ಮಿಲಿಟರಿ ಜೀಪುಗಳೂ ಮಹೀಂದ್ರ ಜೀಪುಗಳೂ ಒಂದೇ ಗುಜರಿಗೆ ಬಂದದ್ದು ಒಂದು ವಿಚಿತ್ರ ಕಾಯಿಲೆಗೆ ಕಾರಣವಾಯಿತು. ಮೂಡಿಗೆರೆ ಕಡೆಯ ತೋಟದವರೊಬ್ಬರು ಮೈಸೂರು ರಸ್ತೆಯ ಗ್ಯಾರೇಜಿಗೆ ಜೀಪು ತಂದಿದ್ದರು. ಅಲ್ಲಿನ ಉಸ್ತಾದರು ಶಾಫ್ಟಿನ ಕೆಲಸಕ್ಕೆ ನಮ್ಮ ಶೆಡ್ಡಿಗೆ ಬರುವವರು, ನನ್ನನ್ನು ಕರೆಸಿದರು. “ಫೋರ್ ವೀಲ್ ಹಾಕಿದ್ರೆ ಗಾಡಿ ಹಿಡ್ಕತ್ತೆ ಕಣ್ರಿ, ಕೆಸರಲ್ಲಿ ಸರಿ ಹೋಗತ್ತೆ, ಟಾರ್ ರೋಡಲ್ಲಿ ಲಿವರ್ರೇ ಬಿಡಲ್ಲ” ಅಂದರು ತೋಟದವರು. ಗೇರ್‌ಬಾಕ್ಸು ಆಗಲೇ ಬೇರೆ ಎಲ್ಲೋ ಬಿಚ್ಚಿಸಿ ಆಗಿತ್ತು. ಉಸ್ತಾದರು ಏನನ್ನೂ ಬಿಚ್ಚಲಿಲ್ಲ. ಹಿಂದಿನ ಒಂದು ಗಾಲಿಯನ್ನು ಜ್ಯಾಕಿ ಕೊಟ್ಟು ಎತ್ತಿದರು, ಗೇರು ನ್ಯೂಟ್ರಲ್. ಗಾಲಿಗೂ ಪ್ರೊಪೆಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಿದರು. ಇನ್ನೊಂದು ಗಾಲಿ ನೆಲದ ಮೇಲಿದ್ದಾಗ ಎತ್ತಿದ ಗಾಲಿಯ ಎರಡು ಸುತ್ತಿಗೆ ಕ್ರೌನಿನ ಒಂದು ಸುತ್ತು. ಆದ್ದರಿಂದ ಶಾಫ್ಟು ಸುತ್ತಿದಷ್ಟೇ ರೇಶಿಯೋ. ಹಿಂದೆ ಐದೂಕಾಲಿಗಿಂತ ಸ್ವಲ್ಪ ಜಾಸ್ತಿ ಬಂತು. ಮುಂದೆ ಅದೇ ರೀತಿ ಮಾಡಿದಾಗ ಐದು ತುಂಬಲಿಲ್ಲ. “ಮುಂದಿಂದು ಬೇರೆ ಗಾಡೀದು ಸಾರ್, ಮಿಲಿಟರಿದು” ಅಂದರು. ಹಿಂದೆ 43, ಮುಂದೆ 39. ಕೆಸರಿನಲ್ಲಿ ಗಾಲಿ ಜಾರಿ ವ್ಯತ್ಯಾಸ ತೀರಿಹೋಗುತ್ತಿತ್ತು. ಒಣ ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಎರಡು ಆಕ್ಸಲ್ಲೂ ಒಂದನ್ನೊಂದು ಎಳೆದಾಡುತ್ತಿದ್ದವು. ಆ ಸೀಮೆಸುಣ್ಣದ ಲೆಕ್ಕವನ್ನು ನಾನು ನನ್ನ ಹತ್ತಿರ ಬರುವ ಪ್ರತಿಯೊಬ್ಬರಿಗೂ ಮಾಡಿ ತೋರಿಸುತ್ತೇನೆ.

ಡೀಸೆಲ್ ಬಂದಾಗ ಲೆಕ್ಕ ಮತ್ತೆ ಬದಲಾಯಿತು. ಪೆಟ್ರೋಲ್ ಬೆಲೆ ಏರಿದ ಮೇಲೆ ಜೀಪುಗಳಿಗೆ ಡೀಸೆಲ್ ಇಂಜಿನ್ ಕೂರಿಸುವುದು ಮೈಸೂರು ರಸ್ತೆಯ ಗ್ಯಾರೇಜುಗಳಿಗೆ ದೊಡ್ಡ ದುಡಿಮೆಯಾಯಿತು. ಪೆಟ್ರೋಲಿನ ಹರಿಕೇನ್ ಇಂಜಿನ್ 4000 ಸುತ್ತಿನಲ್ಲಿ ತನ್ನ 75 ಕುದುರೆ ಬಲ ಕೊಡುತ್ತಿತ್ತು. ಡೀಸೆಲ್ ನಿಧಾನಕ್ಕೆ ಸುತ್ತುತ್ತದೆ, ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ. ಅದಕ್ಕೆ 8/43 ಇಟ್ಟರೆ ಗಾಡಿ ಕೂಗುತ್ತದೆ ಹೊರತು ಓಡುವುದಿಲ್ಲ. ಆಗ 4.88, 4.27 ಇವೆಲ್ಲ ನಮ್ಮ ಬಾಯಲ್ಲಿ ಓಡಾಡತೊಡಗಿದವು. ಇಲ್ಲಿ ಬದಲಿಸುವುದು ನ್ಯಾಯವಾಗಿತ್ತು, ಯಾಕೆಂದರೆ ಇಂಜಿನ್ನೇ ಬೇರೆಯಾಗಿತ್ತು. ಆದರೆ ಬದಲಿಸುವಾಗ ಎಡವಿಸುವ ಕಲ್ಲುಗಳಿದ್ದವು. ಜೀಪಿನ ಹಿಂದಿನ ಡಾನಾ 44 ಆಕ್ಸಲ್ಲಿನಲ್ಲಿ ಕ್ರೌನನ್ನು ಬಿಗಿಯುವ ಕ್ಯಾರಿಯರ್ ಎರಡು ಥರ: 3.92ರಿಂದ ಮೇಲಕ್ಕೆ ಒಂದು, 3.73ರಿಂದ ಕೆಳಕ್ಕೆ ಇನ್ನೊಂದು. ರೇಶಿಯೋ ಇಳಿದಂತೆ ಪಿನಿಯನ್ ದಪ್ಪವಾಗುತ್ತದೆ, ಕ್ರೌನ್ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಹಾಗಾಗಿ 5.38 ತೆಗೆದು 4.88 ಹಾಕುವುದು ಜೋಡಿಯ ಖರ್ಚಿನಲ್ಲಿ ಮುಗಿಯುತ್ತದೆ, 3.73ಕ್ಕೆ ಹೋದರೆ ಕ್ಯಾರಿಯರ್ ಕೂಡ ಹೊಸದು. ಇನ್ನೊಂದು, ಹಳೆಯ ಶಾಫ್ಟುಗಳಲ್ಲಿ 10 ಸ್ಪ್ಲೈನ್, ಆಮೇಲಿನವುಗಳಲ್ಲಿ 19. ಇದನ್ನು ಎಣಿಸದೆ ಕ್ಯಾರಿಯರ್ ಕೊಂಡು ತಂದವರು ನಮ್ಮ ಶೆಡ್ಡಿನ ಮುಂದೆ ಎಷ್ಟೋ ಜನ ನಿಂತಿದ್ದಾರೆ.

ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಲ್ಲೂ ಇದ್ದದ್ದು 8/39. ಮಿಲಿಟರಿ ಜೀಪಿನ ಅಂಕಿಯೇ. ಆದರೆ ಅಳತೆ ಬೇರೆ, ಒಂದು ಇನ್ನೊಂದಕ್ಕೆ ಆಗುವುದಿಲ್ಲ. ಒಂದೂವರೆ ಲೀಟರಿನ ಇಂಜಿನ್ನಿಗೆ ಅಷ್ಟು ಭಾರದ ಕಾರನ್ನು ಎಳೆಯಲು ಆ ಹಲ್ಲು ಬೇಕೇ ಬೇಕಿತ್ತು. ಮಾರಿಸ್ ಮೈನರಿನ ಬೆಳವಣಿಗೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ: 803 ಸಿಸಿಗೆ 8/43, 948 ಸಿಸಿಗೆ 9/41, 1098 ಸಿಸಿಗೆ 9/38. ಇಂಜಿನ್ ದೊಡ್ಡದಾದಂತೆ ಹಿಂದಿನ ಅಂಕಿ ಇಳಿದಿದೆ. ಫಿಯೆಟ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಪದ್ಮಿನಿಯ ಸಾಮಾನು ಬಹಳ ಕಾಲ ಸುಲಭವಾಗಿ ಸಿಗುತ್ತಿತ್ತು, ಆರಿಸುವ ಪ್ರಶ್ನೆ ಏಳಲಿಲ್ಲ.

ನಿಜವಾದ ಅಮೆರಿಕನ್ ಕಾರಿನ ಪೈಕಿ ನಾನು ಹತ್ತಿರದಿಂದ ನೋಡಿದ್ದು ರಾಜಾಜಿನಗರದ ಒಂದು ಮನೆಯ ನಲವತ್ತರ ದಶಕದ ಷೆವ್ರೊಲೆ. ಅದರಲ್ಲಿ 9/37, ಅಂದರೆ 4.11. ಪ್ರೊಪೆಲರ್ ಶಾಫ್ಟು ಮುಚ್ಚಿದ ಕೊಳವೆಯೊಳಗೆ ಇರುವುದರಿಂದ ಪಿನಿಯನ್ ಮುಟ್ಟಬೇಕಾದರೆ ಇಡೀ ಹಿಂದಿನ ಆಕ್ಸಲ್ಲನ್ನು ಇಳಿಸಿ ಹಿಂದಕ್ಕೆ ಎಳೆಯಬೇಕು. 1950ರಲ್ಲಿ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಗೇರಿನ ಷೆವ್ರೊಲೆಗೆ 3.55 ಬಂದಿತ್ತು, ಅಮೆರಿಕದಲ್ಲಿ ಹಳೇ ಷೆವ್ರೊಲೆ ಇಟ್ಟವರು ಅದನ್ನು ಹುಡುಕಿ ಹುಡುಕಿ ತಮ್ಮ ಕಾರಿಗೆ ಹಾಕುತ್ತಾರೆ. ಈ ಮನೆಯ ಮಗನಿಗೂ ಅದೇ ಆಸೆ. ಅಪ್ಪ, ಎಂಬತ್ತು ದಾಟಿದವರು, ಒಪ್ಪಲಿಲ್ಲ. “ನಂದಿಬೆಟ್ಟ ಸೆಕೆಂಡಲ್ಲಿ ಹತ್ತಿದ ಗಾಡಿ ಇದು, ಅದರ ಹಲ್ಲು ಕೀಳಿಸ್ಬೇಡ” ಅಂದರು. ಬೇರಿಂಗ್ ಬದಲಿಸಿ, ಅದೇ 9/37 ಜೋಡಿಯನ್ನೇ ಮತ್ತೆ ಕೂರಿಸಿದೆವು. ನನ್ನ ಮನಸ್ಸಿಗೆ ಅದು ಸರಿಯಾದ ತೀರ್ಮಾನ.

ಕೂರಿಸುವುದು ಹೇಗೆಂದು ನನಗೆ ಕಲಿಸಿದವರು ಕೆಂಗೇರಿಯ ಕೆ.ಎಸ್.ಆರ್.ಟಿ.ಸಿ. ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ಹಿರಿಯ ಫಿಟ್ಟರ್. ಬಸ್ಸಿನ ಆಕ್ಸಲ್ ಕಟ್ಟಿ ಕಟ್ಟಿ ಅವರ ಕಿವಿಯೇ ಗೇಜಾಗಿತ್ತು. ವೇಗ ಕೊಟ್ಟಾಗ ಗುಯ್‌ಗುಟ್ಟಿ, ಬಿಟ್ಟಾಗ ನಿಂತರೆ ಹಲ್ಲಿನ ಎಳೆಯುವ ಮುಖದ ದೋಷ. ಬಿಟ್ಟಾಗ ಮಾತ್ರ ಸದ್ದು ಬಂದರೆ ಹಿಮ್ಮುಖದ್ದು. ಎರಡರಲ್ಲೂ ಒಂದೇ ಸಮ ಗುರುಗುಟ್ಟಿದರೆ ಬೇರಿಂಗ್. ಹೊರಡುವಾಗ ಒಮ್ಮೆ ‘ಟಕ್’ ಅಂದರೆ ಶಾಫ್ಟಿನ ಯುನಿವರ್ಸಲ್ ಜಾಯಿಂಟಿನ ಕ್ರಾಸೋ ಸ್ಟಾರ್ ಗೇರೋ ನೋಡಿ. ಜೋಡಿ ಕೂರಿಸಿದ ಮೇಲೆ ಕ್ರೌನಿನ ನಾಲ್ಕೈದು ಹಲ್ಲಿಗೆ ತೆಳ್ಳಗೆ ನೀಲಿ ಹಚ್ಚಿ, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು ಪಿನಿಯನ್ ತಿರುಗಿಸುತ್ತಿದ್ದರು. ಪಿನಿಯನ್ ಮುಟ್ಟಿದ ಕಡೆ ನೀಲಿ ಅಳಿಸಿ ಒಂದು ಮಚ್ಚೆ ಮೂಡುತ್ತದೆ, ಹೆಬ್ಬೆಟ್ಟೊತ್ತಿದ ಹಾಗೆ. ಅದು ಹಲ್ಲಿನ ಎತ್ತರದ ನಡುವೆ, ಉದ್ದದಲ್ಲಿ ಒಳತುದಿಗೆ ತುಸು ಹತ್ತಿರ ಇರಬೇಕು. ಮಚ್ಚೆ ಹಲ್ಲಿನ ನೆತ್ತಿಯಲ್ಲಿದ್ದರೆ ಪಿನಿಯನ್ ದೂರ ಕೂತಿದೆ, ಶಿಮ್ ಕೂಡಿಸಿ ಹತ್ತಿರ ತರಬೇಕು. ಬುಡದಲ್ಲಿದ್ದರೆ ಶಿಮ್ ತೆಗೆಯಬೇಕು. ಆಮೇಲೆ ಡಯಲ್ ಗೇಜಿಟ್ಟು ಹಲ್ಲುಗಳ ನಡುವಿನ ಆಟ ನೋಡುವುದು: ಐದಾರು ಥೌ, ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ಇಷ್ಟಕ್ಕಾಗಿ ಬೇರಿಂಗ್ ಒತ್ತಿ, ಎಳೆದು, ಮತ್ತೆ ಒತ್ತಿ, ಒಂದು ದಿನ ಪೂರ್ತಿ ಹೋಗುತ್ತಿತ್ತು. “ಬೇಗ ಮಾಡೋನಿಗೆ ಈ ಕೆಲಸ ಕೊಡಬೇಡಪ್ಪ” ಎನ್ನುತ್ತಿದ್ದರು. ಈಗ ಎಸ್ಟೇಟಿನ ಎಷ್ಟೋ ಶೆಡ್ಡುಗಳು ಗೋದಾಮು, ಷೋರೂಮು ಆಗಿವೆ; ನೀಲಿ ಹಚ್ಚಿ ಮಚ್ಚೆ ಓದಬಲ್ಲವರು ಪಶ್ಚಿಮದಲ್ಲಿ ಬೆರಳೆಣಿಕೆಯಷ್ಟು. ಅವರ ಹತ್ತಿರ ಕಲಿಯಲು ಹುಡುಗರು ಕೂರುತ್ತಿಲ್ಲ. ನನಗೆ ಗೇರು ಸಿಗದಿರುವುದಕ್ಕಿಂತ ಹೆಚ್ಚಿನ ಚಿಂತೆ ಇದು.

ಇವತ್ತಿನ ಹುಡುಗರಿಗೆ ರೇಶಿಯೋ ಬದಲಿಸುವ ಆಸೆ ಹುಟ್ಟಿಸಿದ್ದು ಮೈಸೂರು ಹೆದ್ದಾರಿ. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾಯಿತು. ಅದೇ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕೆಂಗೇರಿ ದಾಟಿದೊಡನೆ ಎಲ್ಲರೂ ನೂರರಲ್ಲಿ ಹೋಗುವಾಗ ಸಿಜೆ–3ಬಿ ಓಡಿಸುವವನಿಗೆ ಮುಜುಗರ. ಲೆಕ್ಕ ಹಾಕಿ ತೋರಿಸುತ್ತೇನೆ. 6.00–16 ಟೈರಿನಲ್ಲಿ ಗಂಟೆಗೆ 80 ಕಿಲೋಮೀಟರಿಗೆ 8/43 ಇದ್ದರೆ ಇಂಜಿನ್ ಸುಮಾರು 3250 ಸುತ್ತು, 8/39 ಇದ್ದರೆ 2950. ಮುನ್ನೂರು ಸುತ್ತು ಉಳಿಯಿತು. ಆದರೆ ಸ್ಪೀಡೋಮೀಟರಿನ ಕೇಬಲ್ ಗೇರು ಬದಲಿಸದಿದ್ದರೆ ಮುಳ್ಳು 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ. ಬ್ರೇಕು ಅದೇ ಹಳೇ ಡ್ರಮ್ಮು, ಸ್ಟೀರಿಂಗ್ ಅದೇ. ಓಟ ಹೆಚ್ಚಿಸಿದ ಮೇಲೆ ನಿಲ್ಲಿಸುವುದು ಯಾರು?

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ‘ವಿಎ’ ಅಕ್ಷರದ ನಂಬರು. ಛಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಆ ಪಟ್ಟಿಯಲ್ಲಿ ಡಿಫರೆನ್ಷಿಯಲ್ ಹೆಸರಿಲ್ಲ. ಆಕ್ಸಲ್ ಹೌಸಿಂಗಿನ ಮುಚ್ಚಳ ಬಿಚ್ಚಿ ಯಾವ ಅಧಿಕಾರಿಯೂ ಹಲ್ಲು ಎಣಿಸುವುದಿಲ್ಲ, ಆದ್ದರಿಂದ ಅದು ಮಾಲೀಕನ ವಿವೇಕಕ್ಕೆ ಬಿಟ್ಟದ್ದು. ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇಂಜಿನ್ ಹಳೆಯದೇ ಇದ್ದರೆ ಅಂಕಿಯೂ ಹಳೆಯದೇ ಇರಲಿ. 8/43 ಹೋಗಿದ್ದರೆ 8/43 ಹುಡುಕಿ. ರೈತನಿಗೆಂದು ಮಾಡಿದ ಗಾಡಿಯನ್ನು ಹೆದ್ದಾರಿಯ ಗಾಡಿ ಮಾಡಿದರೆ ಉಳಿಯುವುದು ಅದರ ತಗಡು ಮಾತ್ರ. ಡೀಸೆಲ್ ಕೂರಿಸಿ ದಶಕಗಳೇ ಕಳೆದ ತೋಟದ ಜೀಪಾದರೆ 8/39 ಧಾರಾಳವಾಗಿ ಹಾಕಿಸಿ, ಮುಂದಿನ ಆಕ್ಸಲ್ಲಿಗೂ ಅದನ್ನೇ.

ಕೊಂಡ ಜೋಡಿಯ ನಂಬರು ಎರಡರ ಮೇಲೂ ಒಂದೇ ಇದೆಯೇ ನೋಡಿ. ಬೇರಿಂಗ್ ನಾಲ್ಕೂ ಹೊಸದು ಹಾಕಿ. ಎಣ್ಣೆ 90 ನಂಬರಿನ ಇ.ಪಿ. ದರ್ಜೆಯದೇ ಆಗಬೇಕು, ಹೈಪಾಯ್ಡ್ ಎನ್ನುವ ಈ ಬಾಗಿದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಸಾದಾ ಎಣ್ಣೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಮೊದಲ ದಿನ ಹೊರೆ ಹಾಕದೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಹೌಸಿಂಗ್ ಪೂರ್ತಿ ಆರುವವರೆಗೆ ನಿಲ್ಲಿಸಿ, ಮತ್ತೆ ಓಡಿಸಿ, ಮತ್ತೆ ಆರಿಸಿ. ಐನೂರು ಕಿಲೋಮೀಟರಿಗೆ ಎಣ್ಣೆ ಇಳಿಸಿ, ತಳದ ಬೋಲ್ಟಿಗೆ ಅಂಟಿ ಬಂದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗೆ ಬೂದಿಯ ಹಾಗಿದ್ದರೆ ಕೆಲಸ ಸರಿಯಾಗಿದೆ. ಚೂರು ಸಿಕ್ಕಿದರೆ ಗಾಡಿ ಓಡಿಸಬೇಡಿ, ಮುಚ್ಚಳ ಬಿಚ್ಚಿಸಿ.